ಒಂದೇ ಯಂತ್ರದೊಳಗೆ ಇಬ್ಬರು

ಅವರ ಎರಡೂ ಹೆಬ್ಬೆರಳುಗಳ ತುದಿಗಳು ಚಪ್ಪಟೆಯಾಗಿ, ಗಟ್ಟಿಯಾಗಿ, ಉಜ್ಜಿದ ಹಿತ್ತಾಳೆಯಂತೆ ನುಣ್ಣಗೆ ಹೊಳೆಯುತ್ತಿದ್ದವು. ಚಹಾದ ಕಪ್ಪು ಹಿಡಿದು ಸುಮ್ಮನೆ ಕೂತಾಗಲೂ ಆ ಬೆರಳುಗಳು ಕಪ್ಪಿನ ಅಂಚಿನ ಮೇಲೆ ಅತ್ತಿತ್ತ ಸರಿದಾಡುತ್ತಿದ್ದವು. ಮೊದಲ ಸಲ ನೋಡಿದಾಗ, ನಿಪ್ಪಾಣಿ ಕಡೆಯ ಬೀಡಿ ಕಟ್ಟುವ ಮನೆತನದವರೇನೋ ಅಂದುಕೊಂಡಿದ್ದೆ. ಅದು ವಿಡಿಯೊ ಗೇಮ್ ಆಡಿ ಆಡಿ ಆದದ್ದು ಎಂದು, ಐವತ್ತು ದಾಟಿದ ಆ ಮನುಷ್ಯನನ್ನು ನೋಡಿ ಯಾರು ಊಹಿಸಬೇಕು?

ಚಿಕ್ಕೋಡಿಯ ನಮ್ಮ ಓಣಿಯಲ್ಲಿ ಎಲ್ಲರೂ ಅವರನ್ನು ‘ಆಟದ ಸರ್’ ಎನ್ನುತ್ತಿದ್ದರು. ಹೊಸಬರು ಯಾವುದೋ ಹೈಸ್ಕೂಲಿನ ಡ್ರಿಲ್ ಮಾಸ್ತರರೆಂದು ತಿಳಿಯುತ್ತಿದ್ದರು. ಅವರು ತಿದ್ದಲು ಹೋಗುತ್ತಿರಲಿಲ್ಲ. ನಿಪ್ಪಾಣಿಯ ಒಂದು ಸಣ್ಣ ಪತ್ರಿಕೆಯಲ್ಲಿ ಉಪಸಂಪಾದಕರಾಗಿದ್ದವರು. ಅದು ಮುಚ್ಚಿದ ಮೇಲೆ ಹುಬ್ಬಳ್ಳಿಯ ತರುಣರು ನಡೆಸುವ ಕನ್ನಡ ಜಾಲತಾಣವೊಂದಕ್ಕೆ ಗೇಮುಗಳ ವಿಮರ್ಶೆ ಬರೆಯುತ್ತಿದ್ದರು. ಹೆಂಡತಿ ತೀರಿಹೋಗಿ ಬಹಳ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಹುಟ್ಟೂರು ಬೋರಗಾಂವದಲ್ಲಿ ಅಣ್ಣತಮ್ಮಂದಿರ ಮಗ್ಗಗಳಿದ್ದವು. ಪರ್ಯೂಷಣ ಹಬ್ಬದ ದಿನಗಳನ್ನು ಬಿಟ್ಟರೆ ಅವರು ಊರ ಕಡೆ ಹಾಯುತ್ತಿರಲಿಲ್ಲ.

ಜೈನರಾದ್ದರಿಂದ ಹೊತ್ತು ಮುಳುಗುವುದರೊಳಗೆ ಅವರ ಊಟ ಮುಗಿದಿರುತ್ತಿತ್ತು. ಒಮ್ಮೆ ನನಗೆ ಹೇಳಿದರು: “ಊಟ ಲಗೂ ಮುಗದ್ರ ಸಂಜಿ ಭಾಳ ಉದ್ದ ಆಕ್ಕತಿ ಬಾಯಾರ. ಅದನ್ನ ಏನರ ಮಾಡಬೇಕಲ್ಲ.”

ಅವರು ಮೇಲಿನ ಮನೆಯಲ್ಲಿದ್ದರು, ನಾನು ಕೆಳಗಿನ ಮನೆಯಲ್ಲಿ ಬಾಡಿಗೆಗಿದ್ದೆ. ಗಂಡನಿಂದ ಬೇರೆಯಾಗಿ ಮೀರಜದಿಂದ ಬಂದು, ಚಿಕ್ಕೋಡಿಯ ಕಾಲೇಜಿನಲ್ಲಿ ಕನ್ನಡ ಕಲಿಸುವ ಕೆಲಸ ಹಿಡಿದಿದ್ದೆ. ಯಾಕೆ ಬಂದೆನೆಂದು ಯಾರಿಗೂ ಹೇಳಿರಲಿಲ್ಲ. ಆದರೂ ನನ್ನ ಬಗ್ಗೆ ಎಲ್ಲರೂ ತೀರ್ಮಾನ ಮಾಡಿಯಾಗಿತ್ತು. ಸೊಕ್ಕಿನವಳು, ಓದಿದ್ದು ತಲೆಗೇರಿ ಸಂಸಾರ ಬಿಟ್ಟು ಬಂದವಳು. ಕೇಳಿ ಕೇಳಿ ನನಗೂ ಅದೇ ನಿಜವಿರಬಹುದು ಅನ್ನಿಸತೊಡಗಿತ್ತು.

ನಮ್ಮ ಪರಿಚಯವಾದದ್ದು ಜಗಳದಿಂದ. ಒಂದು ಸಂಜೆ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದೆ. ಮೇಲಿನಿಂದ ಧಡ್, ಧಡ್ ಎಂದು ಸಪ್ಪಳ ಶುರುವಾಗಿ, ಗೂಡಿನಲ್ಲಿದ್ದ ಸ್ಟೀಲಿನ ತಾಟುಗಳು ಅದುರಿದವು. ತಡೆದು ತಡೆದು ಕಡೆಗೆ ಮೇಲೆ ಹೋದೆ. ಟಿವಿಯಲ್ಲಿ ಗುಡ್ಡದಷ್ಟು ದೊಡ್ಡ ಕಬ್ಬಿಣದ ಮನುಷ್ಯನೊಬ್ಬ ಬೋರಲು ಬಿದ್ದಿದ್ದ. ಸರ್ ಗಾಬರಿಯಾಗಿ ಎದ್ದು ನಿಂತರು.

“ತಪ್ಪಾತ್ರಿ. ಇದರ ಕಾಲ ಭಾಳ ದೊಡ್ಡವು ಅದಾವ. ಆವಾಜ ಕಮ್ಮಿ ಮಾಡ್ತೀನಿ.”

ಹೇಳಿದಂತೆ ಕಮ್ಮಿ ಮಾಡಿದರು. ಆದರೆ ಎರಡು ದಿನದ ಮೇಲೆ ಅವರೇ ಕೆಳಗೆ ಬಂದು ಬಾಗಿಲಲ್ಲಿ ನಿಂತರು. ಕಿಸೆಯ ಗುಂಡಿ ತಿರುವುತ್ತ ಬಂದ ಕಾರಣ ಹೇಳಿದರು. ಆ ದೈತ್ಯಯಂತ್ರದ ಆಟವನ್ನು ಇಬ್ಬರೇ ಆಡಬೇಕಂತೆ. ಒಬ್ಬರು ಕಾಲು ನಡೆಸಬೇಕು, ಇನ್ನೊಬ್ಬರು ಕೈ. ದೂರದಿಂದ ಇಂಟರ್‌ನೆಟ್ಟಿನಲ್ಲಿ ಜೋಡಿಯಾಗಲು ಅದರಲ್ಲಿ ಅವಕಾಶವಿಲ್ಲ. ಒಂದೇ ಕೋಣೆಯಲ್ಲಿ ಪಕ್ಕಪಕ್ಕ ಕೂರಬೇಕು.

“ಇಷ್ಟ ದಿನ ಇಬ್ಬರ ಆಟ ಬಂದ್ರ ಎರಡೂ ರಿಮೋಟ್ ನಾನ ಹಿಡೀತಿದ್ದೆ. ಒಂದು ಕೈಯಾಗ, ಒಂದು ತೊಡಿ ಮ್ಯಾಲ. ಇದರಾಗ ಅದು ನಡ್ಯಾಂಗಿಲ್ರಿ. ತಮ್ಮನ ಮಗನ್ನ ಕರದಿದ್ದೆ, ಒಂದ ದಿನಾ ಬಂದು ಹೋದ.”

ನನಗೆ ಬರುವುದಿಲ್ಲ ಎಂದೆ.

“ಬರಲಾರದವ್ರು ಆಡಿದ್ರ ಹೆಂಗ ಆಕ್ಕತಿ, ಅದನ್ನೂ ಬರೀಬೇಕಲ್ರಿ,” ಎಂದರು.

ಆ ಆಟಕ್ಕೆ ಅಷ್ಟರಲ್ಲಾಗಲೇ ಜಗತ್ತಿನ ತುಂಬ ಕೆಟ್ಟ ಹೆಸರು ಬಂದಿತ್ತು. ಬಹಳ ನಿಧಾನ, ಯುದ್ಧದ ಆಟದಲ್ಲಿ ವೇಗವೇ ಇಲ್ಲ, ಈ ಕಾಲದಲ್ಲಿ ಒಂದೇ ಕೋಣೆಯಲ್ಲಿ ಇಬ್ಬರನ್ನು ಎಲ್ಲಿಂದ ತರುವುದು ಎಂದು ದೊಡ್ಡ ದೊಡ್ಡ ವಿಮರ್ಶಕರೆಲ್ಲ ನಕ್ಕಿದ್ದರು. ಎದುರಾಳಿಯ ಯಂತ್ರ ಉರುಳಿದ ಮೇಲೆ ಅದರೊಳಗಿನ ಮನುಷ್ಯ ಇಳಿದು ಓಡಿಹೋಗುವ ತನಕ ಕಾಯಬೇಕಿತ್ತು. ಎಲ್ಲರಿಗೂ ಬೇಸರ ತರಿಸಿದ್ದು ಅದೇ. ಹುಬ್ಬಳ್ಳಿಯ ಸಂಪಾದಕ ಫೋನಿನಲ್ಲಿ, “ಸರ್, ಎಲ್ಲಾರೂ ಹತ್ತಕ್ಕ ನಾಕು ಕೊಟ್ಟಾರ. ನೀವೂ ಹಂಗ ಬರದ ಕಳಿಸಿಬಿಡ್ರಿ,” ಎಂದನಂತೆ. ಪೂರ್ತಿ ಆಡದೆ ಬರೆಯುವುದಿಲ್ಲ ಎಂದು ಇವರು ಹಟ ಹಿಡಿದಿದ್ದರು.

ಹೀಗೆ ನಾನು ಕಾಲಾದೆ, ಅವರು ಕೈಯಾದರು. ಮೊದಲ ವಾರವೆಲ್ಲ ನಾನು ಅದನ್ನು ಬೀಳಿಸಿದ್ದೇ ಬಂತು. ಎಡಗಾಲಿನ ಮೇಲೆ ಬಲಗಾಲು ಇಡುತ್ತಿದ್ದೆ, ಹೊಳೆಯಲ್ಲಿ ಮುಳುಗಿಸುತ್ತಿದ್ದೆ. ಅವರು ಒಂದು ದಿನವೂ ಸಿಡುಕಲಿಲ್ಲ. “ನಿಂದರ್ರಿ. ಉಸರ ತಗೊಳ್ರಿ. ಈಗ ಎಡಕ್ಕ,” ಎನ್ನುತ್ತಿದ್ದರು. ದಿನವಿಡೀ ಪಾಠ ಹೇಳಿ ಗಂಟಲು ಸವೆದ ನನಗೆ, ಪಕ್ಕದಲ್ಲಿ ಕೂತು ನನಗಾಗಿಯೇ ಮೆತ್ತಗೆ ಆಡುವ ಆ ಮಾತು ಎಷ್ಟು ಹಿತವಾಗುತ್ತಿತ್ತೆಂದು ಹೇಳಲಾರೆ.

ಓಣಿಯಲ್ಲಿ ಮಾತು ಹುಟ್ಟಲು ಬಹಳ ದಿನ ಬೇಕಾಗಲಿಲ್ಲ. ಮನೆ ಮಾಲಕರ ಹೆಂಡತಿಯನ್ನು ನಾವೆಲ್ಲ ಕಾಕೂ ಎನ್ನುತ್ತಿದ್ದೆವು. ಒಂದು ಸಂಜೆ ಅವರು ಮೊರದಲ್ಲಿ ಜೋಳ ಹಿಡಿದು ನೆಟ್ಟಗೆ ಮೇಲೆಯೇ ಬಂದರು.

“ಮಂದಿ ಕೇಳಾಕತ್ತಾರ, ಮ್ಯಾಲ ಏನ್ ನಡದೈತಿ ಅಂತ. ನಾ ಏನ್ ಹೇಳ್ಲಿ?”

ನಾನು ರಿಮೋಟನ್ನು ಕೆಳಗಿಟ್ಟೆ. ಸರ್ ಎದ್ದು ತಮ್ಮ ಕುರ್ಚಿಯನ್ನು ಅವರಿಗೆ ಸರಿಸಿದರು. “ನೋಡಿ ಹೇಳ್ರಿ ಕಾಕೂ. ಕುಂಡ್ರರಿ.”

ಕಾಕೂ ಕೂತರು. ಜೋಳ ಆರಿಸುತ್ತ ನೋಡಿದರು. ಎದುರಿನ ಯಂತ್ರ ಬಿದ್ದಾಗ ಅವರ ಕೈ ನಿಂತಿತು. “ಅದರ ಒಳಗ ಮಂದಿ ಇರ್ತಾರೇನ್ರಿ?”

“ಇರ್ತಾರ್ರಿ. ಅವರು ಇಳದು ಹೋಗೂತನಕ ನಾವು ನಿಂತಿರ್ತೀವಿ.”

ಪುಟ್ಟ ಆಕೃತಿಯೊಂದು ಇಳಿದು ಹೊಲದ ಬದುವಿನಗುಂಟ ಓಡಿ ಕಾಣದಾಯಿತು. ಕಾಕೂ ಮತ್ತೆ ಮೊರಕ್ಕೆ ಕೈ ಹಾಕಿ, “ಹಂಗಾದ್ರ ಆಡ್ರಿ,” ಎಂದರು. ಅಂದಿನಿಂದ ಬಹಳ ಸಂಜೆಗಳಲ್ಲಿ ಅವರೂ ಬರುತ್ತಿದ್ದರು. “ಕಾಲ ಸೊಟ್ಟ ಹೊಂಟಾವ ನೋಡ್ರಿ,” ಎಂದು ನನ್ನನ್ನು ತಿದ್ದುತ್ತಿದ್ದರು. ಓಣಿಯ ಮಾತು ಅಲ್ಲಿಗೆ ತಣ್ಣಗಾಯಿತು.

ಆಟದ ಕಡೆಯ ಭಾಗದಲ್ಲಿ ಯಂತ್ರದ ಎರಡೂ ಕೈ ಮುರಿದು ಬೀಳುತ್ತವೆ. ಅಲ್ಲಿಂದ ಮುಂದೆ ಕೈ ನಡೆಸುವವರಿಗೆ ಕೆಲಸವೇ ಇಲ್ಲ. ಕಾಲಿನವರೊಬ್ಬರೇ ಅದನ್ನು ಊರಿಗೆ ನಡೆಸಿಕೊಂಡು ಹೋಗಬೇಕು. ಸರ್ ರಿಮೋಟನ್ನು ಪಕ್ಕಕ್ಕಿಟ್ಟು, ಕೈ ಕಟ್ಟಿ ಕೂತರು. ನಾನು ಅವರ ಕಡೆ ತಿರುಗಿದೆ.

“ನೀವ ನಡೀರಿ. ನಾ ಇಲ್ಲೇ ಅದೀನಿ,” ಎಂದರು.

ಬಹಳ ಹೊತ್ತು ನಡೆದೆ. ಆ ದಾರಿಯುದ್ದಕ್ಕೂ ಅವರು ಪಕ್ಕದಿಂದ ಏಳಲಿಲ್ಲ. ಆಟ ಮುಗಿದಾಗ ಅವರ ಕಣ್ಣುಗಳು ಒದ್ದೆಯಾಗಿದ್ದವು. ಎದ್ದುಹೋಗಿ ಕಿಟಕಿ ತೆರೆದು, ಬೀದಿ ನೋಡುತ್ತ ನಿಂತರು. “ಆಕಿ ಆಸ್ಪತ್ರ್ಯಾಗ ಇದ್ದಾಗ ನಾನು ಹಿಂಗ ಕೈ ಕಟ್ಟಿ ಕುಂತಿದ್ದೆ,” ಎಂದರು. ಹೆಂಡತಿಯ ಬಗ್ಗೆ ಅವರು ನನ್ನೆದುರು ಆಡಿದ ಮಾತು ಅದೊಂದೇ.

ವಿಮರ್ಶೆಯಲ್ಲಿ ಅವರು ಆಟದ ದೋಷಗಳನ್ನು ಮುಚ್ಚಿಡಲಿಲ್ಲ. ಕಥೆ ಬಾಲಿಶ, ಊರುಗಳೆಲ್ಲ ಒಂದೇ ಥರ, ನಿಧಾನವೆಂಬುದೂ ನಿಜ ಎಂದರು. ಆಮೇಲೆ, ಪಕ್ಕದಲ್ಲಿ ಕೂತವರಿಗಾಗಿ ನಿಲ್ಲುವುದನ್ನು ಈ ಆಟ ಕಲಿಸುತ್ತದೆ, ಹಾಗೆ ಕಲಿಸುವ ಇನ್ನೊಂದನ್ನು ತಾವು ಆಡಿಲ್ಲ ಎಂದು ಬರೆದು, ಹತ್ತಕ್ಕೆ ಎಂಟು ಅಂಕ ಕೊಟ್ಟರು.

ಓದುಗರು ಅವರನ್ನು ಹರಿದು ಹಾಕಿದರು. ಆಟ ತಯಾರಿಸಿದ ಕಂಪನಿಯವರ ಕೈ ಇದರಲ್ಲಿದೆ ಎಂದರು ಕೆಲವರು. ಮುದುಕನಿಗೆ ಬೆರಳು ಓಡುವುದಿಲ್ಲ, ಅದಕ್ಕೇ ನಿಧಾನದ ಆಟ ಹಿಡಿಸಿದೆ ಎಂದರು ಇನ್ನು ಕೆಲವರು. ಸಂಪಾದಕ ಫೋನ್ ಮಾಡಿ ಅಂಕವನ್ನು ಐದಕ್ಕಿಳಿಸಲು ಕೇಳಿದ. ನಾನು ಅಲ್ಲೇ ಇದ್ದೆ.

“ಮಂದಿಗೆ ಏನನ್ನಿಸೇತಿ ಅದನ್ನ ಮಂದಿ ಬರದಾರಲ್ಲಪಾ,” ಎಂದು ಸರ್ ಸಮಾಧಾನದಿಂದಲೇ ಹೇಳಿದರು. “ನನಗ ಏನಾತು ಅದನ್ನ ನಾನ ಹೇಳಬೇಕು. ಅದನ್ನ ಬ್ಯಾರೆ ಯಾರು ಹೇಳ್ತಾರ?”

ಅಲ್ಲಿಂದ ಮುಂದೆ ಆ ಜಾಲತಾಣದಿಂದ ಅವರಿಗೆ ಬರೆಯಲು ಯಾವ ಆಟವೂ ಬರಲಿಲ್ಲ. ಅವರು ಯಾರನ್ನೂ ದೂರಲಿಲ್ಲ. ಆದರೆ ಸಂಜೆ ಅವರ ಕೋಣೆಯಲ್ಲಿ ಟಿವಿ ಹಚ್ಚುವುದು ನಿಂತಿತು. ಊಟ ಮುಗಿಸಿ ಮನೆಯ ಮೇಲಿನ ಗಚ್ಚಿಯಲ್ಲಿ ಅಡ್ಡಾಡುತ್ತಿದ್ದರು. ಒಮ್ಮೊಮ್ಮೆ ನಾನೂ ಹೋಗಿ ನಿಲ್ಲುತ್ತಿದ್ದೆ. ಕಬ್ಬಿನ ಟ್ರ್ಯಾಕ್ಟರುಗಳು ಕೆಳಗಿನ ರಸ್ತೆಯಲ್ಲಿ ಹಾಡು ಹಚ್ಚಿಕೊಂಡು ಹೋಗುವುದನ್ನು ಇಬ್ಬರೂ ನೋಡುತ್ತಿದ್ದೆವು.

ಮುಂದಿನ ವರ್ಷ ನನಗೆ ಅಥಣಿಗೆ ವರ್ಗವಾಯಿತು. ಆ ಚಳಿಗಾಲದಲ್ಲಿ ಕಾಕೂ ಫೋನ್ ಮಾಡಿದರು: “ಸರ್ ಹೋದ್ರು ಬಾಯಾರ. ಮಧ್ಯಾಹ್ನ ಮಲಕೊಂಡವ್ರು ಏಳಲೇ ಇಲ್ಲ.”

ಬೋರಗಾಂವಕ್ಕೆ ಹೋದೆ. ಹೊಲದಲ್ಲಿ ಅಂತ್ಯಕ್ರಿಯೆ ಎಲ್ಲ ಆಗಲೇ ಮುಗಿದಿತ್ತು. ಪಡಸಾಲೆಯಲ್ಲಿ ಕೂತಿದ್ದ ಅವರ ತಮ್ಮ, “ನೀವು ಅವರಿಗೆ ಏನಾಗಬೇಕ್ರಿ?” ಎಂದು ಕೇಳಿದರು. ಕೆಳಗಿನ ಮನೆಯಲ್ಲಿದ್ದೆ ಎಂದೆ. ಅವರು ತಲೆಯಾಡಿಸಿದರು. ಅಣ್ಣ ಏನು ಕೆಲಸ ಮಾಡುತ್ತಿದ್ದನೆಂಬುದು ಅಲ್ಲಿದ್ದ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಕೂತು ಬಸ್ಸು ಹಿಡಿದೆ.

ಅದಾಗಿ ಕೆಲವು ದಿನಕ್ಕೆ ಅಥಣಿಯ ಮನೆಗೆ ಪಕ್ಕದವರು ಬಂದರು. ದನ ಕಟ್ಟಿ ಹಾಲು ಮಾರುವ ಹೆಂಗಸು, ಮೊದಲ ಸಲ ಒಳಗೆ ಬಂದು ಕೂತಿದ್ದರು. ಚಹಾ ಕುಡಿಯುತ್ತ, “ನಿಮ್ಮ ಮನಿಯವರು ಎಲ್ಲಿರ್ತಾರ್ರಿ?” ಎಂದು ಕೇಳಿದರು.

ಈ ಪ್ರಶ್ನೆಗೆ ನಾನು ಯಾವಾಗಲೂ ಏನಾದರೊಂದು ಹೇಳಿ ಮಾತು ತೇಲಿಸುತ್ತಿದ್ದೆ. ಅಂದು ಮಾತ್ರ ಆದದ್ದನ್ನು ಆದಂತೆಯೇ ಹೇಳಿದೆ. “ಒಂದ ಮನ್ಯಾಗ ಇದ್ದು, ವರ್ಷಗಟ್ಟಲೆ ಅವರು ನನ್ನ ಜೋಡಿ ಒಂದ ಮಾತು ಆಡಲಿಲ್ರಿ. ಯಾಕಂತ ಹೇಳಲೂ ಇಲ್ಲ. ತಡಕೊಳ್ಳಾಕ ಆಗಲಿಲ್ಲ, ಬಿಟ್ಟ ಬಂದೆ.”

ಅವರು ಕಪ್ಪು ಕೆಳಗಿಟ್ಟು ನನ್ನನ್ನೇ ನೋಡಿದರು. “ಅಷ್ಟ ದಿನಾ ಹೆಂಗ ಇದ್ರಿ ನೀವು?”

ಹಾಗೆಂದು ಆವರೆಗೆ ನನ್ನನ್ನು ಯಾರೂ ಕೇಳಿರಲಿಲ್ಲ. ಅವರು ಎದ್ದುಹೋದ ಮೇಲೆ, ಈ ವಿಷಯವನ್ನು ಸರ್‌ಗೆ ಹೇಳಬೇಕೆಂದು ಫೋನು ಕೈಗೆತ್ತಿಕೊಂಡೆ. ಅವರ ಹೆಸರು ಹುಡುಕಿ ತೆಗೆದ ಮೇಲೆಯೇ ನನಗೆ ನೆನಪಾದದ್ದು, ಅವರಿಲ್ಲ ಎಂದು.