ರೇಷ್ಮೆ ಶೆಡ್ಡಿನ ಹಿಂದಿನ ಕೋಣೆ

ಗುಂಡ್ಲುಪೇಟೆಯಿಂದ ತೆರಕಣಾಂಬಿಗೆ ಬರುವ ಬಸ್ಸಿನಲ್ಲಿ ನಾನು ಮೊದಲು ನೋಡಿದ್ದು ಅವನ ಕೈಯನ್ನು. ನನ್ನ ಸೀಟಿನ ಪಕ್ಕದ ಕಂಬಿ ಹಿಡಿದು ನಿಂತಿದ್ದ. ಬೆರಳ ತುದಿಗಳು ಸುಲಿದು ಬೆಳ್ಳಗಾಗಿದ್ದವು, ಅಂಗೈ ಕೆಂಪಗಿತ್ತು. ನನಗಾಗ ಹತ್ತೊಂಬತ್ತು, ಬಿ.ಕಾಂ. ಓದುತ್ತಿದ್ದೆ. ಮೊಬೈಲಿನಲ್ಲಿ ಕಂತುಕಂತಾಗಿ ಬರುವ ಕಥೆಗಳ ಹುಚ್ಚು ಬೇರೆ. ಪಾಳುಬಂಗಲೆ, ಅದರೊಳಗೊಬ್ಬ ಕ್ರೂರಿ ಚೆಲುವ, ಹೆದರುತ್ತಲೇ ಅವನನ್ನು ಪ್ರೀತಿಸುವ ಹುಡುಗಿ. ನಾನು ದಿಟ್ಟಿಸುತ್ತಿರುವುದನ್ನು ಕಂಡು ಅವನು ನಕ್ಕ.

"ರೇಷ್ಮೆ ಗೂಡು ಬೇಯ್ಸೋ ಕೈ ಕಣಮ್ಮಿ. ಎದ್ರುಕೋಬ್ಯಾಡ."

ನಾನು ಹೆದರಿರಲಿಲ್ಲ. ಹೆದರುವ ಆಸೆಯಾಗಿತ್ತು.

ಊರಾಚೆ ಅವನದೊಂದು ರೇಷ್ಮೆ ನೂಲು ತೆಗೆಯುವ ಶೆಡ್ಡಿತ್ತು. ಅಪ್ಪ ಸತ್ತ ಮೇಲೆ ಮುಚ್ಚಿದ್ದನ್ನು ಇವನು ಮತ್ತೆ ತೆರೆದಿದ್ದ. ಕೆಲಸದ ಹೆಂಗಸರು ಮಧ್ಯಾಹ್ನಕ್ಕೆ ಹೊರಟುಬಿಡುತ್ತಿದ್ದರು. ಆಮೇಲೆ ಅವನನ್ನು ನೋಡಲು ನಾನು ಹೋಗುತ್ತಿದ್ದೆ. ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಗೂಡು ಕುದಿಯುತ್ತಿರುತ್ತಿತ್ತು. ಸತ್ತ ಹುಳದ ನಾತ ಬಟ್ಟೆಗೆ ಹತ್ತಿದರೆ ಎರಡು ಸಲ ಒಗೆದರೂ ಹೋಗುತ್ತಿರಲಿಲ್ಲ. ಹಿಂದುಗಡೆ ಬೀಗ ಹಾಕಿದ ಕೋಣೆಯೊಂದಿತ್ತು.

"ಇಲ್ಲೊಬ್ಳು ನೇಣಾಕಂಡು ಸತ್ಲು," ಅಂತ ಒಂದು ದಿನ ಹೇಳಿದ. "ಪ್ರೀತಿಗೋಸ್ಕರ. ಈಗ್ಲೂ ಒಳ್ಗೇ ಅವ್ಳೆ. ನಿನ್ ಕಂಡ್ರೆ ಅವ್ಳಿಗಾಗಲ್ಲ."

ಒಳಗಿನಿಂದ ಏನೋ ಕೆರೆಯುವ ಸದ್ದು ಬಂತು. ಇಲಿಯೇ ಇದ್ದೀತು. ಆದರೂ ಮೈ ಜುಮ್ಮೆಂದು ಅವನ ತೋಳು ಹಿಡಿದುಕೊಂಡೆ. ನಾನು ಪಿಯುಸಿ ಮುಗಿಯುವವರೆಗೂ ಕುದೇರಿನ ಅಜ್ಜಿಯ ಮನೆಯಲ್ಲಿ ಬೆಳೆದವಳು. ತೆರಕಣಾಂಬಿಯ ಹಳೆಯ ಸುದ್ದಿಗಳು ನನಗೆ ಗೊತ್ತಿರಲಿಲ್ಲ. ಅವ್ವ ಹಿಂದೊಮ್ಮೆ ಆ ಶೆಡ್ಡಿನಲ್ಲಿ ಕೂಲಿ ಮಾಡಿದ್ದಳು. "ಆ ಕಡೆ ಓಗ್ಬ್ಯಾಡ" ಅಂದಿದ್ದಳೇ ಹೊರತು ಯಾಕೆಂದು ಹೇಳಿರಲಿಲ್ಲ.

ಒಮ್ಮೆ ತಮಾಷೆಗೆ, "ನಿನಗೆ ನನ್ನ ಮೇಲೆ ಪ್ರೀತಿ ಇದೆ ಅಂತ ಹೆಂಗೆ ನಂಬಲಿ?" ಅಂದೆ. ಅವನು ಕುದಿಯುವ ಪಾತ್ರೆಯೊಳಕ್ಕೆ ಬಲಗೈ ಇಳಿಸಿಬಿಟ್ಟ. ನೀರಿನ ಕಡೆ ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಚೀರಿ ಅವನ ರಟ್ಟೆ ಎಳೆದೆ. ಟವೆಲಿನಿಂದ ಒತ್ತಿದರೆ ಅದಕ್ಕೇ ಚರ್ಮ ಅಂಟಿ ಬಂತು. ಅತ್ತುಕೊಂಡು ಬಟ್ಟೆ ಕಟ್ಟಿದೆ. ಮನೆಗೆ ನಡೆದುಹೋಗುವಾಗ ಮಾತ್ರ ನನ್ನೊಳಗೆ ಇದ್ದದ್ದು ಹೆಮ್ಮೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಆ ಕೈ ಮಾಯುವ ಮೊದಲೇ ನನಗೆ ಹೊಡೆತ ಶುರುವಾಯಿತು. ಬಸ್‌ಸ್ಟ್ಯಾಂಡಿನಲ್ಲಿ ಕ್ಲಾಸಿನ ಹುಡುಗನ ಜೊತೆ ಮಾತಾಡಿದ್ದಕ್ಕೆ ಕೆನ್ನೆಗೆ ಬಾರಿಸಿದ. ಇನ್ನೊಂದು ದಿನ ಜಡೆ ಹಿಡಿದು ನೆಲದ ಮೇಲೆ ಎಳೆದಾಡಿ, ಬ್ಲೇಡಿನಿಂದ ಒಂದು ಹಿಡಿ ಕೂದಲು ಕೊಯ್ದು, ಹಿಂದಿನ ಕೋಣೆಯ ಚಿಲಕಕ್ಕೆ ಕಟ್ಟಿದ. "ಅವ್ಳಿಗೆ ಕೊಟ್ಟೆ. ಇನ್ ಸುಮ್ಕಿರ್ತಾಳೆ," ಅಂದ. ನನ್ನ ಮೊಬೈಲಿನ ಕಥೆಗಳಲ್ಲಿ ಇಂಥದಾದ ಮೇಲೆ ಅವನು ಅಳುತ್ತಾನೆ, ಅವಳು ಕ್ಷಮಿಸುತ್ತಾಳೆ. ಇವನೂ ಅತ್ತ. ನಾನೂ ಕ್ಷಮಿಸಿದೆ.

ಡಿಗ್ರಿ ಮುಗಿದು ಚಾಮರಾಜನಗರದ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿತು. ಹೇಳಲು ಹೋದಾಗ ನಡುಮಧ್ಯಾಹ್ನ. ಕೇಳಿದವನೇ ಎದ್ದು ಶೆಡ್ಡಿನ ಮುಂಬಾಗಿಲ ಅಗುಳಿ ಹಾಕಿದ.

"ಬುಟ್ಬುಟ್ಟು ಓಯ್ತೀಯಾ?"

"ದೂರ ಏನಲ್ವಲ್ಲ. ಬಸ್ಸಲ್ಲಿ ಬಂದು ಹೋಗಿ ಮಾಡ್ತೀನಿ."

ಅವನು ಹಿಂದಿನ ಕೋಣೆಯ ಬೀಗ ತೆಗೆದ. ಒಳಗೆ ಮುರಿದ ರಾಟೆಗಳು, ಧೂಳು. ತೊಲೆಯಿಂದ ಎರಡು ಹೊಸ ಹಗ್ಗ ತೂಗುತ್ತಿದ್ದವು.

"ಇಬ್ರೂ ಓಗನ. ನಮ್ಮವ್ವ ಇಲ್ಲೇ ಅವ್ಳೆ. ಮೂರ್ ಜನ ಒಟ್ಗೇ ಇರನ."

ಸತ್ತವಳು ಅವನ ತಾಯಿ ಎಂದು ಆಗಲೇ ನನಗೆ ತಿಳಿದದ್ದು. ಕತ್ತು ಹಿಡಿದು ಹಗ್ಗದ ಕಡೆ ನೂಕಿದ. ನಾನು ಅವನ ಸುಟ್ಟ ಕೈಯನ್ನೇ ಕಚ್ಚಿದೆ. ನನ್ನ ಮುಖವನ್ನು ಗೋಡೆಗೆ ಅಪ್ಪಳಿಸಿದ, ಒಂದು ಹಲ್ಲು ಮುರಿಯಿತು. ಮತ್ತೆ ಅಪ್ಪಳಿಸಿದ. ಬಾಯಿತುಂಬ ರಕ್ತ. ತೆವಳಿಕೊಂಡು ಹೇಗೋ ಒಲೆಯ ತನಕ ಬಂದೆ. ಅವನು ಕಾಲು ಹಿಡಿದು ಎಳೆಯುವಾಗ ಪಾತ್ರೆಯ ಅಂಚು ಸಿಕ್ಕಿತು, ಅವನ ಕಡೆಗೆ ಉರುಳಿಸಿದೆ. ಕುದಿನೀರು, ಗೂಡು, ಹುಳ ಎಲ್ಲ ಅವನ ಮುಖ, ಎದೆಯ ಮೇಲೆ. ಅಂಥ ಕೂಗನ್ನು ನಾನು ಮತ್ತೆಲ್ಲೂ ಕೇಳಿಲ್ಲ. ನನ್ನ ಎಡಗೈಯೂ ಮೊಣಕೈವರೆಗೆ ಬೆಂದಿತ್ತು. ಅಗುಳಿ ತೆಗೆದು ಓಡಿದೆ.

ಅವ್ವ ನನ್ನನ್ನು ನೋಡಿದವಳೇ ಆಟೋ ಕರೆದಳು. ಗುಂಡ್ಲುಪೇಟೆಯ ಆಸ್ಪತ್ರೆಯ ದಾರಿಯಲ್ಲಿ, ನಾನು ಕೋಣೆಯ ವಿಷಯ ಹೇಳಿದ್ದೇ, ಅವಳು ಸೆರಗು ಕಚ್ಚಿಕೊಂಡಳು.

"ಅವ್ಳು ನೇಣಾಕಳ್ನಿಲ್ಲ ಕಣಮ್ಮಿ. ಗಂಡನೇ ಒಡ್ದು ಸಾಯ್ಸಿ ತೊಲೆಗೆ ನೇತಾಕ್ದ. ನಾನ್ ಒಲೆ ತಾವೇ ಇದ್ದೆ. ಕಣ್ಣಾರ ಕಂಡೆ."

"ಯಾಕವ್ವ ಯಾರ್ಗೂ ಹೇಳ್ಲಿಲ್ಲ?"

"ಎದ್ರುಕಂಡೆ. ನೀನಿನ್ನೂ ಎದೆ ಆಲು ಕುಡೀತಿದ್ದೆ."

ಅವತ್ತೇ ಪೊಲೀಸರಿಗೆ ನನ್ನ ಹೇಳಿಕೆಯಾದ ಮೇಲೆ ಅವ್ವ ತನ್ನದನ್ನೂ ಹೇಳಿದಳು. ಬರೆದುಕೊಳ್ಳುತ್ತಿದ್ದವರು, ಕೊಂದವನೇ ಸತ್ತಿದ್ದಾನೆ, ಈಗೇನು ಪ್ರಯೋಜನ ಅಂದರು. "ಪ್ರಯೋಜ್ನ ಇಲ್ದಿದ್ರೂ ಬರ್ಕಳಿ ಸ್ವಾಮಿ," ಅಂದಳು.

ಅವನು ಬದುಕಿದ. ಕೆಲವು ತಿಂಗಳಾದ ಮೇಲೆ ಚಾಮರಾಜನಗರದ ಕೋರ್ಟಿನ ಮೊಗಸಾಲೆಯಲ್ಲಿ ನೋಡಿದೆ. ಒಂದು ಕಿವಿ ಮುದುಡಿಹೋಗಿತ್ತು, ಕತ್ತು ತಿರುಗುತ್ತಿರಲಿಲ್ಲ. ಅವ್ವ ಹೇಳಿದ್ದು ಅವನ ಕಿವಿಗೂ ಬಿದ್ದಿತ್ತು. ಪೊಲೀಸಿನವನ ಪಕ್ಕದಿಂದಲೇ ಅವಳನ್ನು ಕೇಳಿದ.

"ನಮ್ಮಪ್ಪ ಏಳಿದ್ದೆಲ್ಲ ಸುಳ್ಳಾ? ಅವತ್ತು ನಮ್ಮವ್ವ ಏನಾರ ಅಂದ್ಲಾ?"

ಅವ್ವ ಅವನ ಕಡೆ ತಿರುಗಿದಳು. "ನೀನು ಬಾಗ್ಲಲ್ಲಿ ನಿಂತಿದ್ದೆ ಮಗ, ಐದಾರು ವರ್ಸದವ್ನು. 'ಈಚೆಗೋಗಿ ಆಡ್ಕೊ ಓಗು' ಅಂದ್ಲು. ಅಷ್ಟೇಯ."

ಅವನು ಗೋಡೆಗೆ ಒರಗಿ ಹಾಗೇ ಕೆಳಗೆ ಕುಸಿದು ಕೂತ. ನನಗೆ ಕನಿಕರವಾಯಿತು, ಇಲ್ಲವೆನ್ನಲಾರೆ. ನನ್ನ ಹೆಸರು ಕೂಗಿದರು. ಒಳಗೆ ಹೋಗಿ, ಆದದ್ದನ್ನೆಲ್ಲ ಆದ ಹಾಗೇ ಹೇಳಿದೆ.