ಮನೆಯಲ್ಲಿ ಕೇಳಿದ ಒಪ್ಪಿಗೆ

ಕೊರೊನಾ ಕಳೆದ ಮರುವರ್ಷ ನಾನು ದೊಡ್ಡಬಳ್ಳಾಪುರದ ಒಂದು ಮಹಿಳಾ ನೇಕಾರರ ಸಂಘಕ್ಕೆ ಮಾರಾಟ ಸಲಹೆಗಾರನಾಗಿದ್ದೆ. ಸೀರೆ ಗಂಟು ಹೊತ್ತು ಅಂಗಡಿ ಅಂಗಡಿ ಅಲೆದು ವ್ಯಾಪಾರ ಕಲಿತವನು ನಾನು. ಆಗ ಯುರೋಪಿನ ಒಂದು ಶ್ರೀಮಂತ ದೇಶ ತನ್ನ ಅಭಿವೃದ್ಧಿ ನೆರವಿನಲ್ಲಿ ಸಂಘಕ್ಕೆ ಹೊಸ ಪವರ್‌ಲೂಮ್‌ಗಳನ್ನು ಕೊಡಲು ಮುಂದೆ ಬಂತು. ಷರತ್ತು ಒಂದೇ: ಮನೆಯ ಹಳೆಯ ವಿದ್ಯುತ್ ಮಗ್ಗಗಳನ್ನು ತೆಗೆದು, ಎಲ್ಲರೂ ಹೆದ್ದಾರಿ ಪಕ್ಕ ಅವರು ಕಟ್ಟಿಸುವ ಶೆಡ್ಡಿಗೆ ಬಂದು ನೇಯಬೇಕು.

ಯೋಜನಾಧಿಕಾರಿ ಆ ದೇಶದ ಹೆಣ್ಣುಮಗಳು, ಸಂಭಾವಿತೆ. ಮನೆಮನೆಗೂ ಹೋಗಿ ಕೇಳಿದರು. ಎಲ್ಲ ಕಡೆಯೂ ಕುಂಕುಮ, ಕಾಫಿ, "ಆಗ್ಲಿ ಮೇಡಂ" ಸಿಕ್ಕಿತು. ಅವರು ಹಿಗ್ಗಿದರು. ನನಗೆ ಅನುಮಾನ ಬಂತು. ಈ ಹೆಂಗಸರು ಒಲೆಯ ಮೇಲೆ ಕುಕ್ಕರ್ ಇಟ್ಟು ಮಗ್ಗದ ಸ್ವಿಚ್ ಹಾಕುವವರು, ಕುಕ್ಕರ್ ಕೂಗಿದರೆ ಮಗ್ಗ ನಿಲ್ಲಿಸಿ ಏಳುವವರು. ಶೆಡ್ಡಿನಲ್ಲಿ ಅದು ನಡೆಯುವುದಿಲ್ಲ.

ಸಂಘದ ಅಧ್ಯಕ್ಷೆ ರತ್ನಮ್ಮನನ್ನು ಕೇಳಿದೆ. "ಏನಕ್ಕಾ, ನಿಜವಾಗ್ಲೂ ಹೋಗ್ತೀರಾ?"

"ಹಾಸಿಗೆ ಹಿಡಿದಿರೋ ಅತ್ತೇನ ಹೊತ್ಕೊಂಡು ಹೋಗ್ಲಾ?"

"ಮತ್ತೆ ಆಗ್ಲಿ ಅಂದ್ರಲ್ಲ?"

"ಕೈಲಿ ನಮ್ಮನೆ ಕಾಫಿ ಲೋಟ ಹಿಡ್ಕೊಂಡು ಕೂತೋರ್ಗೆ ಇಲ್ಲ ಅನ್ನಕ್ಕಾಗ್ತದೇನಣ್ಣ?"

ಒಪ್ಪಂದಕ್ಕೆ ಸಹಿ ಬಿದ್ದರೆ ಮನೆಯ ಮಗ್ಗ ಹೋಗುತ್ತದೆ, ಅದರ ಜೊತೆ ದುಡಿಮೆಯೂ. ಬೇಡವೆಂದರೆ ನೆರವು ಬೇರೆ ಊರಿಗೆ ಹೋಗುತ್ತದೆ. ಸೀರೆ ವ್ಯಾಪಾರದಲ್ಲಿ ನಾವು ನೇಕಾರರ ಮನೆಯಲ್ಲಿ ಕೂತು ರೇಟು ಕುದುರಿಸುವುದಿಲ್ಲ. ಮಾಲು ನೋಡಿ, ಕಾಫಿ ಕುಡಿದು, ಮಾತಿಗೆ ಬೀದಿಗೆ ಬರುತ್ತೇವೆ. ಅದನ್ನೇ ಮಾಡಿದೆ. ಇನ್ನೊಂದು ಸಲ ಕೇಳಿ, ಆದರೆ ಶೆಡ್ಡಿನ ಜಾಗದಲ್ಲೇ ಕೇಳಿ ಎಂದು ಅಧಿಕಾರಿಯನ್ನು ಒಪ್ಪಿಸಿದೆ.

ಅಲ್ಲಿ ಯಾರೂ ಯಾರಿಗೂ ಅತಿಥಿಯಲ್ಲ. ಲಾರಿ ಎಬ್ಬಿಸಿದ ಧೂಳಿನಲ್ಲಿ ಸೆರಗು ಮೂಗಿಗೆ ಹಿಡಿದು ರತ್ನಮ್ಮ ಹೇಳಿದರು: "ನಿಮ್ ಮಗ್ಗ ಬೇಕಾದ್ರೆ ಇಲ್ಲಿಗೆ ಬರ್ಲಿ ಮೇಡಂ. ನಾವ್ ಬರಲ್ಲ."

ನಾನು ಮಾತನ್ನು ಮೆತ್ತಗೆ ಮಾಡದೆ ಇಂಗ್ಲಿಷಿಗೆ ದಾಟಿಸಿದೆ. ಮೊದಲೇ ಯಾಕೆ ಹೇಳಲಿಲ್ಲ ಎಂದು ಅಧಿಕಾರಿ ಕೇಳಿದರು.

"ನೀವು ನಮ್ಮನೇಲಿ ಕೇಳಿದ್ರಿ."

ಬೇಡ ಎಂದು ಎದ್ದು ಬರುವುದು ಚೌಕಾಸಿಯಲ್ಲ. ಕೊಡುವವರಿಗೂ ತಮ್ಮ ದೇಶದಲ್ಲಿ ತೋರಿಸಲು ಒಂದು ಕಟ್ಟಡ, ಅದಕ್ಕೊಂದು ಬೋರ್ಡು ಬೇಕು. ಹಾಗಾಗಿ ಶೆಡ್ಡು ಇರಲಿ, ಅದರಲ್ಲಿ ಹಾಸುನೂಲನ್ನು ಮಗ್ಗದ ಉರುಳೆಗೆ, ಅಂದರೆ ಬೀಮಿಗೆ, ಸುತ್ತುವ ವಾರ್ಪಿಂಗ್ ಯಂತ್ರ ಹಾಕಿ ಎಂದೆ. ಆ ಕೆಲಸಕ್ಕೆ ಈ ಹೆಂಗಸರು ಬೇರೆಯವರ ಬಾಗಿಲು ಕಾಯುತ್ತಿದ್ದರು. ಅಧಿಕಾರಿ ಒಪ್ಪಿದರು, ಯಂತ್ರ ಬಂತು. ಹೊಸ ಮಗ್ಗಗಳು ಕೈತಪ್ಪಿದವು. ಹಳೆಯವು ಮನೆಯಲ್ಲೇ ಉಳಿದವು.

ನೆರವು ಕೊಡಲು ಹೊರಟವರಿಗೆ ನನ್ನದೊಂದು ಸಲಹೆ: "ಇಲ್ಲ" ಅನ್ನಲು ಜನರಿಗೆ ಒಂದು ಜಾಗ ಕೊಡಿ, ಆಮೇಲೆ ಅವರ "ಹೂಂ" ನಂಬಿ. ಮೊನ್ನೆ ಆ ಅಧಿಕಾರಿ ಮತ್ತೆ ಬಂದಾಗ ರತ್ನಮ್ಮ ಮನೆಗೆ ಕರೆದರು. ಮೊದಲು ಶೆಡ್ಡಿನಲ್ಲಿ ಮಾತು, ಆಮೇಲೆ ಕಾಫಿ ಎಂದರು ಅಧಿಕಾರಿ.