ಅಕ್ಕೋರು ಇಟ್ಟ ಪರಸ್ಥಾನ

ಗುಳೇದಗುಡ್ಡದ ಖಣದ ಕುಪ್ಪಸ, ಅದರ ಬಲತೋಳಿನ ಅಂಚಿಗೆ ಸಾಲಾಗಿ ಸಿಕ್ಕಿಸಿದ ಸೇಫ್ಟಿ ಪಿನ್ನುಗಳು. ನಮಗೆ ಪಾಠ ಹೇಳುತ್ತಿದ್ದ ಅಕ್ಕೋರನ್ನು ದೂರದಿಂದ ಗುರುತಿಸಲು ಇಷ್ಟೇ ಸಾಕಿತ್ತು. ಶಾಲೆಯಲ್ಲಿ ಯಾರ ಗುಂಡಿ ಕಿತ್ತರೂ, ಯಾರ ಪಾಟಿಚೀಲದ ಬಾರು ಹರಿದರೂ ಆ ತೋಳಿನಿಂದ ಒಂದು ಪಿನ್ನು ಇಳಿಯುತ್ತಿತ್ತು.

ನನಗೆ ವಾದ ಮಾಡಲು ಕಲಿಸಿದವರು ಅವರೇ. ಚರ್ಚಾಸ್ಪರ್ಧೆಯ ತಯಾರಿಯಲ್ಲಿ ಪರವಾಗಿ ಮಾತಾಡುತ್ತಿದ್ದವಳನ್ನು ನಡುವೆಯೇ ತಡೆದು, "ಹೂಂ, ಈಗ ವಿರೋಧ" ಎನ್ನುತ್ತಿದ್ದರು. ನಾನು ಇವತ್ತಿಗೂ ಯಾವುದನ್ನೂ ಸುಲಭಕ್ಕೆ ನಂಬುವುದಿಲ್ಲ. ಅವ್ವ ಅದರ ಪೂರ್ತಿ ಹೊಣೆಯನ್ನು ಅವರ ಮೇಲೆಯೇ ಹೊರಿಸಿದ್ದಾಳೆ: "ನೀವ ಕೆಡಿಸಿದ್ರಿ ನೋಡ್ರಿ ಇಕಿನ್ನ!"

ನಿವೃತ್ತರಾದ ಮೇಲೆ ಅಕ್ಕೋರಿಗೆ ಒಂದೇ ಹಟ, ಕಾಂಬೋಡಿಯಾ. ಬಾದಾಮಿಯಲ್ಲಿ ಹುಟ್ಟಿ ಬೆಳೆದವರು. "ನಮ್ಮ ಗುಡಿ ನೋಡಾಕ ಎಲ್ಲೆಲ್ಲಿಂದೋ ಮಂದಿ ಬರ್ತಾರ. ಮಂದಿ ಗುಡಿ ನೋಡಾಕ ನಾ ಒಮ್ಮೆರ ಹೋಗಬೇಕೋ ಬ್ಯಾಡೋ?" ಮೊಣಕಾಲಿಗೆ ಆಪರೇಷನ್ ಆಗಬೇಕೆಂದು ಡಾಕ್ಟರು ಹೇಳಿಯಾಗಿತ್ತು. ಅದಕ್ಕೂ ಮೊದಲೇ, ಸ್ವಂತ ಕಾಲಿನ ಮೇಲೆ ಅಲ್ಲಿನ ಅಂಗ್ಕೋರ್ ಗುಡಿಯ ಮೆಟ್ಟಿಲು ಹತ್ತಬೇಕು, ಈಗಿಲ್ಲವೆಂದರೆ ಇನ್ನಿಲ್ಲ. ಜೊತೆಗೆ ನಾನು.

ಯೋಜನೆಯೆಲ್ಲ ನನ್ನದು. ಯಾವ ಬಾಗಿಲಿನಿಂದ ಒಳಗೆ ಹೋಗಬೇಕು, ಎಲ್ಲಿ ಉಣ್ಣಬೇಕು, ಎಲ್ಲವನ್ನೂ ಮೊಬೈಲಿನಲ್ಲಿ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿದರು.

"ಭಾಳ ಛಲೋ ಮಾಡಿ. ಇದರಾಗ ದಾರಿ ತಪ್ಪೋದು ಯಾವಾಗ?"

"ತಪ್ಪಬಾರದಂತನ ಮಾಡೇನ್ರಿ!"

"ದಾರಿ ತಪ್ಪಲಾರದ ಹೋಗಿ ಬರಾಕ ಅದೇನು ಬ್ಯಾಂಕೇನ? ಮಧ್ಯಾಹ್ನ ಎಲ್ಲಾ ಖಾಲಿ ಬಿಡು."

ಬಹಳ ಜಗ್ಗಾಡಿ ಒಂದೇ ಒಂದು ಮಧ್ಯಾಹ್ನ ಬಿಟ್ಟೆ. ಅದಕ್ಕೂ 'ವಿಶ್ರಾಂತಿ' ಎಂದು ಹೆಸರಿಟ್ಟೆ.

ಇಷ್ಟು ಲಹರಿಯ ಹೆಂಗಸು ಹೊರಡುವ ದಿನದ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು. ಬೆಂಗಳೂರಿನ ರೈಲು ಮಂಗಳವಾರ ಸಂಜೆಗಿತ್ತು. ಮಂಗಳವಾರ ಮನೆ ಬಿಡಬಾರದು. ಅದಕ್ಕೆ ಉಪಾಯ ಪರಸ್ಥಾನ. ಒಳ್ಳೆಯ ದಿನ ನೋಡಿ ನಮ್ಮ ಚೀಲವನ್ನು ಬೇರೆಯವರ ಮನೆಯಲ್ಲಿ ಇಟ್ಟುಬಿಟ್ಟರೆ ಪ್ರಯಾಣ ಶುರುವಾದಂತೆ. ಸೋಮವಾರವೇ ಅವರು ಎದುರುಮನೆಯ ಕಾಕುವಿನ ಪಡಸಾಲೆಯಲ್ಲಿ ಸೀರೆ ಅಂಗಡಿಯ ಹಸಿರು ಕೈಚೀಲ ಇಟ್ಟು ಬಂದರು. ಅದರಲ್ಲಿ ಪಾಸ್‌ಪೋರ್ಟು, ಶೇಂಗಾ ಚಟ್ನಿ, ಒಗೆದೊಗೆದು ಮೆತ್ತಗಾದ ಕೆಂಪು ಸೆರಗಿನ ಇಳಕಲ್ ಸೀರೆ. ಅಂಗ್ಕೋರಿನ ಮುಂದೆ ಅದನ್ನುಟ್ಟು ನಿಲ್ಲಬೇಕಿತ್ತು. "ಕಲ್ಲಾಗ ನಿಂತ ಅಪ್ಸರೆ ನೋಡಲಿ, ಸೀರಿ ಹೆಂಗ ಉಡತಾರಂತ."

"ಅಲ್ರೀ ಅಕ್ಕೋರ, ಚೀಲ ಹೋದ್ರ ನೀವು ಹೋದಂಗ ಹೆಂಗ?"

"ಏ ವಕೀಲಬಾಯಿ, ವೀಸಾಕ್ಕ ನಿನ್ನ ಫೋಟೋ ಕಳಿಸಿದ್ಯಲ್ಲ, ನೀ ಹೋಗಿದ್ಯೇನು? ಫೋಟೋ ಹೋತು, ಅವರು ಬಾ ಅಂದ್ರು. ಅದೂ ಪರಸ್ಥಾನನ."

ನಾನು ಮೊಬೈಲು ತೆಗೆದು ಬೆಂಗಳೂರಿನ ವಿಮಾನದ ಹೊತ್ತನ್ನು ಮತ್ತೊಮ್ಮೆ ನೋಡಿದೆ.

ಮಂಗಳವಾರ ಮಧ್ಯಾಹ್ನ ಚೀಲ ತರಲು ಹೋದರೆ ಕಾಕು ಇಲ್ಲ. ಸೊಸೆಗೆ ದಿನ ತುಂಬುವ ಮೊದಲೇ ಬೇನೆ ಶುರುವಾಗಿ, ಬೆಳಿಗ್ಗೆಯೇ ಬಾಗಲಕೋಟೆಯ ದವಾಖಾನೆಗೆ ಕರೆದೊಯ್ದಿದ್ದರು. ಮನೆಯಲ್ಲಿದ್ದ ಆಕೆಯ ಗಂಡ, ಕಾಕಾ, ಚೀಲ ತಂದುಕೊಟ್ಟರು. ಇಳಕಲ್ ಸೀರೆ ಅಂಗಡಿಯ ಅದೇ ಹಸಿರು ಚೀಲ. ತೆರೆದರೆ ಕೂಸಿನ ಕುಂಚಿಗೆ, ಲಂಗೋಟಿ! ನಮ್ಮ ಓಣಿಯಲ್ಲಿ ಯಾರ ಮನೆಗೆ ಹೋದರೂ ಆ ಅಂಗಡಿಯ ಚೀಲ ಇದ್ದೇ ಇರುತ್ತದೆ. ಹೆರಿಗೆಗೆಂದು ಕಾಕು ತುಂಬಿಟ್ಟದ್ದೂ ಅಂಥದ್ದೇ. ಗಡಿಬಿಡಿಯಲ್ಲಿ ಅಕ್ಕೋರ ಚೀಲ ಬಾಗಲಕೋಟೆಗೆ ಹೋಗಿತ್ತು.

ಫೋನ್ ಮಾಡಿದೆ. "ಹೆಣ್ಣಕೂಸವಾ!" ಎಂದು ಕಾಕು ಮೊದಲು ಸುದ್ದಿ ಹೇಳಿದಳು. "ಹೂಂ, ಚೀಲ ಇಲ್ಲೇ ಐತಿ. ಕೂಸಿನ ಚೀಲದಾಗ ಪಾಸ್‌ಪೋರ್ಟ್ ಯಾರು ಇಟ್ರಂತ ನಾವೂ ನಗಾಕತ್ತೀವಿ."

ನನಗೆ ನಗು ಬರಲಿಲ್ಲ. ಈ ಪರಸ್ಥಾನ ಒಂದು ಇಡದೇ ಇದ್ದಿದ್ದರೆ ಎಂದು ಅಲ್ಲೇ ವಾದ ಹೂಡಿದೆ. ಅಕ್ಕೋರು ಕೈ ಎತ್ತಿ ತಡೆದರು.

"ಗಾಡಿ ಎಲ್ಲಿಂದ ಬರ್ತೈತಿ?"

"ಬಾಗಲಕೋಟಿ ಮ್ಯಾಲಿಂದ."

"ಮತ್ತ? ನಾವ ಹೋಗಿ ಅದನ್ನ ಕರಕೊಂಡು ಬರೂಣು."

"ಟಿಕೀಟು ಬಾದಾಮಿಯಿಂದ ಐತ್ರಿ!"

"ಬಾದಾಮಿ ತನಕ ಬ್ಯಾರೇ ತಗೀ. ನೀನ ಗೆದ್ದಿ ಅಂತ ತಿಳಕೋ, ಮೊದಲ ಒಂದ ಕಾರ್ ಹಿಡಿ."

ದವಾಖಾನೆಯಲ್ಲಿ ಕೂಸು ಅಕ್ಕೋರ ಇಳಕಲ್ ಸೀರೆಯೊಳಗೆ ಬೆಚ್ಚಗೆ ಮಲಗಿತ್ತು. ಕಾಕು ನಾಚಿಕೊಂಡಳು. "ತಪ್ಪ ತಿಳಕೋಬ್ಯಾಡ್ರಿ ಅಕ್ಕೋರ. ಮೆತ್ತಗ ಇತ್ತು, ಕೈಗಿ ಸಿಕ್ತು..." ನಾನು ತಂದಿದ್ದ ಅವರ ಚೀಲದಿಂದ ಕುಂಚಿಗೆ ತೆಗೆದು ಮುಂದೆ ಹೋದೆ. ಅಕ್ಕೋರು ನನ್ನ ರಟ್ಟೆ ಹಿಡಿದರು. "ಮಲಗೇತಿ, ಎಬ್ಬಸಬ್ಯಾಡ." ಬಾಗಿ, ಜಾರಿದ್ದ ಕೆಂಪು ಸೆರಗನ್ನು ಕೂಸಿನ ಪಾದಕ್ಕೆ ಹೊದಿಸಿದರು. ಆಮೇಲೆ ಪಾಸ್‌ಪೋರ್ಟು, ಚಟ್ನಿ ಎರಡೇ ತೆಗೆದುಕೊಂಡು ಹೊರಬಂದರು.

"ಪರಸ್ಥಾನ ಇಡದಿದ್ರ ಸೀರಿ ಉಳೀತಿತ್ರಿ," ಎಂದೆ.

"ಇಡದಿದ್ರ ಕೂಸಿಗಿ ಏನ ಸುತ್ತತಿದ್ರು?"

"ಅವರ ಚೀಲ ಅವರ ಕಡೇನ ಇರ್ತಿತ್ತಲ್ರಿ! ಕುಂಚಿಗಿ ಸಮೇತ!"

ಅಕ್ಕೋರು ಯೋಚಿಸಿದರು. "ಖರೇನ ಐತಿ," ಎಂದು ಜೋರಾಗಿ ನಕ್ಕು, ಕುಂಟುತ್ತಲೇ ಸ್ಟೇಷನ್ನಿನ ಕಡೆ ನನಗಿಂತ ಮುಂದೆ ನಡೆದರು.

ಗಾಡಿ ಬಾದಾಮಿಗೆ ಬಂದು ನಿಂತಾಗ, ಕಳಿಸಿಕೊಡಲು ಬಂದ ಓಣಿಯವರು ಪ್ಲಾಟ್‌ಫಾರ್ಮಿನ ಮೇಲೆ ನಮ್ಮನ್ನು ಹುಡುಕುತ್ತಿದ್ದರು. ಬೋಗಿಯ ಬಾಗಿಲಲ್ಲಿ ನಿಂತು ಅಕ್ಕೋರು ಕೂಗಿದರು: "ಏ, ಇಲ್ಲಿ ನೋಡ್ರಿ! ನಾ ಆಗಲೇ ಹೋದಾಕಿ. ನಡುವ ನಿಮ್ಮೂರು ನೋಡಾಕ ಬಂದೇನಿ!"

ಅಂಗ್ಕೋರಿನ ಕಡಿದಾದ ಮೆಟ್ಟಿಲುಗಳನ್ನು ಅವರು ಸಾದಾ ವಾಯಿಲ್ ಸೀರೆಯಲ್ಲಿ, ನನ್ನ ಹೆಗಲು ಹಿಡಿದು, ಕೂತು ಕೂತು ಹತ್ತಿದರು. ಮೇಲೆ ಹೋಗಿ ಉಸ್ಸೆಂದು ಕಾಲು ಚಾಚಿ, ಸುತ್ತಲಿನ ಕಾಡನ್ನು ಕಣ್ತುಂಬ ನೋಡಿ, "ಗಾಳಿ ಮಾತ್ರ ನಮ್ಮ ಗುಡ್ಡದ್ದ ಛಲೋ" ಎಂದು ತೀರ್ಪು ಕೊಟ್ಟರು.

ನಾನು ಈಗಲೂ ಗಟ್ಟಿ ಯೋಜನೆ ಮಾಡಿಯೇ ಹೊರಡುವವಳು. ಪರಸ್ಥಾನ ಇಡುವುದಿಲ್ಲ, ನಂಬಿಕೆಯಿಲ್ಲ. ಆದರೆ ಯೋಜನೆ ಮುರಿದು ಬಿದ್ದಾಗ, ತಪ್ಪು ಯಾರದೆಂದು ವಾದಿಸುತ್ತ ನಿಲ್ಲದೆ, ಗಾಡಿ ಎಲ್ಲಿಂದ ಬರುತ್ತದೆ ಎಂದು ಮೊದಲು ಕೇಳುತ್ತೇನೆ. ಅಷ್ಟು ಅಕ್ಕೋರ ಋಣ.